‘ಬ್ರೇಕರ್ ಮೊರಾಂಟ್’: ಬಾಯಿಮಾತಿನ ಆಜ್ಞೆಯ ವಿಚಾರಣೆ

ಆಸ್ಟ್ರೇಲಿಯದ ನಿರ್ದೇಶಕ ಬ್ರೂಸ್ ಬೆರೆಸ್‌ಫೋರ್ಡ್ 1980ರಲ್ಲಿ ತೆರೆಗೆ ತಂದ ‘ಬ್ರೇಕರ್ ಮೊರಾಂಟ್’ ಚಿತ್ರದ ಬಹುಭಾಗ ನಡೆಯುವುದು ಕೋರ್ಟ್ ಮಾರ್ಷಲ್‌ನಲ್ಲಿ, ಅಂದರೆ ಸೈನಿಕರ ಅಪರಾಧಗಳನ್ನು ಸೇನಾಧಿಕಾರಿಗಳೇ ಕುಳಿತು ವಿಚಾರಿಸುವ ನ್ಯಾಯಾಲಯದಲ್ಲಿ. ದಕ್ಷಿಣ ಆಫ್ರಿಕದಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರರಿಗೂ ಬ್ರಿಟಿಷರಿಗೂ 1899ರಿಂದ 1902ರವರೆಗೆ ನಡೆದ ಯುದ್ಧ ಕೊನೆಯ ಘಟ್ಟದಲ್ಲಿ ಗೆರಿಲ್ಲಾ ಕಾಳಗವಾಗಿ ಮಾರ್ಪಟ್ಟಾಗ, ಹೊಲದಲ್ಲಿ ಕಂಡ ರೈತನೇ ರಾತ್ರಿ ಹೊಂಚುಹಾಕುವ ಸೈನಿಕನೂ ಆಗಿರುತ್ತಿದ್ದನು. ಅಂಥವರನ್ನು ಬೆನ್ನಟ್ಟಲು ಕಟ್ಟಿದ ‘ಬುಶ್‌ವೆಲ್ಟ್ ಕಾರ್ಬಿನಿಯರ್ಸ್’ ಎಂಬ ಪಡೆಯ ಲೆಫ್ಟಿನೆಂಟ್ ಹ್ಯಾರಿ ಮೊರಾಂಟ್, ತನ್ನ ಗೆಳೆಯ ಕ್ಯಾಪ್ಟನ್ ಹಂಟ್ 1901ರ ಆಗಸ್ಟ್‌ನಲ್ಲಿ ಹತನಾದ ಮೇಲೆ, ಸೆರೆ ಸಿಕ್ಕ ಬೋಯರರನ್ನು ಗುಂಡಿಟ್ಟು ಕೊಲ್ಲಿಸಿದನು.

ಈ ಕೊಲೆಗಳಿಗಾಗಿ ವಿಚಾರಣೆಗೊಳಗಾದ ಮೊರಾಂಟ್ ಮತ್ತು ಇನ್ನಿಬ್ಬರು ಆರೋಪಿಗಳ ಪರ ವಾದಿಸುವ ಮೇಜರ್ ಥಾಮಸ್ ಆಸ್ಟ್ರೇಲಿಯದ ಸಣ್ಣ ಊರೊಂದರ ವಕೀಲ. ಕೈದಿಗಳನ್ನು ಉಳಿಸಬೇಡಿ ಎಂಬ ಆಜ್ಞೆ ದಂಡನಾಯಕ ಕಿಚನರ್‌ನಿಂದಲೇ ಬಾಯಿಮಾತಿನಲ್ಲಿ ಇಳಿದು ಬಂದಿತ್ತೆಂಬುದು ಅವನ ವಾದ. ಬಾಯಿಮಾತಿಗೆ ಕಾಗದದ ಸಾಕ್ಷಿಯಿಲ್ಲ, ಹೇಳಿದವರು ಒಪ್ಪಿಕೊಳ್ಳುವುದೂ ಇಲ್ಲ. ಯಾವ ನಿಯಮದಡಿ ಕೊಂದೆ ಎಂಬ ಪ್ರಶ್ನೆಗೆ ಮೊರಾಂಟ್ ಕೈಯಲ್ಲಿದ್ದ ಬಂದೂಕಿನ ಅಳತೆಯಾದ 303ನ್ನೇ ನಿಯಮವೆಂದು ಹೇಳಿಬಿಡುವ ದೃಶ್ಯದಲ್ಲಿ ಅವನ ಸಿಟ್ಟೂ ಅಪರಾಧವೂ ಒಟ್ಟಿಗೆ ಬಯಲಾಗುತ್ತವೆ.

ಬ್ರಿಟಿಷರು ಆಸ್ಟ್ರೇಲಿಯನ್ನರನ್ನು ಬಲಿಪಶು ಮಾಡಿದ ಕಥೆ ಎಂದಷ್ಟೇ ಇದನ್ನು ಓದುವುದು ಸುಲಭ, ಹಲವರು ಓದಿದ್ದೂ ಹಾಗೆಯೇ. ಆದರೆ ಚಿತ್ರ ಆ ಅನುಕೂಲವನ್ನು ಪ್ರೇಕ್ಷಕರಿಗೆ ಕೊಡುವುದಿಲ್ಲ. ಹೆಸೆ ಎಂಬ ಪಾದ್ರಿಯ ಕೊಲೆಯ ಆರೋಪದಿಂದ ಸಹ ಆರೋಪಿ ಲೆಫ್ಟಿನೆಂಟ್ ಹ್ಯಾಂಡ್‌ಕಾಕ್ ಖುಲಾಸೆಯಾದರೂ, ಗುಂಡು ಹಾರಿಸಿದವನು ಅವನೇ ಎಂಬುದನ್ನು ಚಿತ್ರ ಮುಚ್ಚಿಡದೆ ತೋರಿಸುತ್ತದೆ. (ಇತಿಹಾಸದಲ್ಲಿ ಈ ಸಂಗತಿ ಇಂದಿಗೂ ಚರ್ಚಾಸ್ಪದ.) ಮೇಲಿನವರು ನುಣುಚಿಕೊಂಡರೆಂಬ ಕಾರಣಕ್ಕೆ ಕೆಳಗಿನವರ ಕೈ ಶುದ್ಧವಾಗುವುದಿಲ್ಲ, ಕೆಳಗಿನವರಿಗೆ ಶಿಕ್ಷೆಯಾಯಿತೆಂದು ಮೇಲಿನವರ ಹೊಣೆ ತೀರುವುದೂ ಇಲ್ಲ, ಈ ಎರಡನ್ನೂ ಒಂದೇ ಉಸಿರಿನಲ್ಲಿ ಹಿಡಿದಿಟ್ಟಿರುವುದರಿಂದಲೇ ಇದು ಸೇನಾ ನ್ಯಾಯಾಲಯದ ಚಿತ್ರಗಳಲ್ಲಿ ಮೇಲ್ಪಂಕ್ತಿಯದು. ಕೊನೆಯಲ್ಲಿ ಮೊರಾಂಟ್ ಮತ್ತು ಹ್ಯಾಂಡ್‌ಕಾಕ್ ಮುಂಜಾವದ ಬಯಲಿನಲ್ಲಿ ಕೈ ಕೈ ಹಿಡಿದು, ತಮಗಾಗಿ ಇಟ್ಟ ಎರಡು ಕುರ್ಚಿಗಳತ್ತ ನಡೆದುಹೋಗುತ್ತಾರೆ.

ಅವರಿಬ್ಬರಿಗೆ ಪ್ರಿಟೋರಿಯದಲ್ಲಿ ಗುಂಡಿಕ್ಕಿದ್ದು 1902ರ ಫೆಬ್ರವರಿ 27ರಂದು. ಮೂರನೆಯ ಆರೋಪಿ ವಿಟನ್‌ನ ಮರಣದಂಡನೆ ಜೀವಾವಧಿಗೆ ಇಳಿದು, 1904ರಲ್ಲಿ ಅವನ ಬಿಡುಗಡೆಯಾಯಿತು. ಕಿಚನರ್ ಅದೇ 1902ರ ಕೊನೆಯಲ್ಲಿ ಭಾರತೀಯ ಸೇನೆಯ ಮಹಾದಂಡನಾಯಕನಾಗಿ ಇಲ್ಲಿಗೆ ಬಂದನು. ಮೂವರಿಗೂ ಮರಣೋತ್ತರ ಕ್ಷಮಾದಾನ ಕೋರಿದ ಮನವಿಯನ್ನು ಬ್ರಿಟಿಷ್ ಸರ್ಕಾರ 2010ರಲ್ಲಿ ತಳ್ಳಿಹಾಕಿತು.