ನಮ್ಮ ಸೀಮೆಯ ಸತ್ಯವಿಚಿತ್ರಗಳು

ದೂರದೇಶಗಳ ವಿಚಿತ್ರ ವೃತ್ತಾಂತಗಳನ್ನು ಓದಿ ನಾವು ಬೆರಗಾಗುವುದುಂಟು. ಹಿತ್ತಿಲ ಗಿಡ ಮಾತ್ರ ಮದ್ದಲ್ಲ! ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಕೆಲವು ಸಂಗತಿಗಳನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಮಧುಗಿರಿ. ಸಮುದ್ರಮಟ್ಟದಿಂದ ಸುಮಾರು ೩,೯೩೦ ಅಡಿ ಎತ್ತರದ ಈ ಏಕಶಿಲಾಪರ್ವತವನ್ನು ಏರುವುದು ಇಂದಿನ ತರುಣರಿಗೆ ಸಾಹಸಕ್ರೀಡೆ. ತಪ್ಪಿಸಿಕೊಂಡು ಹೋದ ಕುರಿಯೊಂದು ಮೈಯೆಲ್ಲ ತೊಯ್ದು ಹಿಂದಿರುಗಿದ್ದರಿಂದ ಬೆಟ್ಟದಮೇಲೆ ನೀರಿರುವುದು ತಿಳಿದು, ಅಲ್ಲಿ ಕೋಟೆ ಹುಟ್ಟಿತೆಂದು ಐತಿಹ್ಯವಿದೆ. ಇನ್ನು ಚರಿತ್ರೆಯ ಮಾತು. ೧೭೬೩ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಪುತ್ರನನ್ನೂ ಈ ದುರ್ಗದಲ್ಲಿಯೇ ಸೆರೆಯಿಟ್ಟನು. ೧೭೬೭ರಲ್ಲಿ ಮರಾಠರು ಕೋಟೆಯನ್ನು ಹಿಡಿದಾಗ ಅವರಿಗೆ ಬಿಡುಗಡೆಯಾಯಿತು. ಮಲೆನಾಡಿನ ಮಳೆಯಲ್ಲಿ ಬಾಳಿದ ರಾಣಿಯು ಈ ಬೋಳುಬಂಡೆಯಮೇಲೆ ನಾಲ್ಕು ಬೇಸಗೆಗಳನ್ನು ಕಳೆಯಬೇಕಾಯಿತು. ಬಿದನೂರಿನ ಸಿಂಹಾಸನವು ಆಕೆಗೆ ಮರಳಿ ದೊರೆಯಲೇ ಇಲ್ಲ.

ಶಿರಾದ ಕಥೆ ಇನ್ನೂ ವಿಚಿತ್ರವಾದುದು. ಸಾಮಾನ್ಯವಾಗಿ ಊರನ್ನು ಗೆದ್ದಮೇಲೆ ಪಟ್ಟವಾಗುತ್ತದೆ. ಇಲ್ಲಿ ಪಟ್ಟವೇ ಮೊದಲು, ಊರು ಆಮೇಲೆ! ೧೭೬೧ರಲ್ಲಿ ನಿಜಾಮನ ಸೋದರನಾದ ಬಸಾಲತ್ ಜಂಗನು ಮೂರು ಲಕ್ಷ ರೂಪಾಯಿಗಳನ್ನು ಪಡೆದು ಹೈದರಾಲಿಗೆ ‘ಶಿರಾದ ನವಾಬ’ ಎಂಬ ಪದವಿಯನ್ನು ದಯಪಾಲಿಸಿದನು. ಕೊಟ್ಟವನ ಕೈಯಲ್ಲಿ ಶಿರಾ ಇರಲಿಲ್ಲ. ಕೊಂಡವನ ಕೈಯಲ್ಲಿಯೂ ಇರಲಿಲ್ಲ. ಅದು ಮರಾಠರ ವಶದಲ್ಲಿತ್ತು. ಆದರೂ ಅದೇ ವರ್ಷ ಹೈದರನು ಊರನ್ನು ಗೆದ್ದು ಬಿರುದನ್ನು ಸಾರ್ಥಕಪಡಿಸಿಕೊಂಡನು. ಮುಂದೆ ಟಿಪ್ಪುಸುಲ್ತಾನನು ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಹೊಸ ಪೇಟೆಯನ್ನು ತುಂಬಿಸಲು ಶಿರಾದಿಂದ ೧೨,೦೦೦ ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನು. ಒಂದೂರು ತುಂಬಿತು, ಇನ್ನೊಂದೂರು ಬರಿದಾಯಿತು.

ಕೊರಟಗೆರೆಯ ವಿಚಿತ್ರವು ನೀರಿನದು. ದೇವರಾಯನದುರ್ಗದ ಬೆಟ್ಟಗಳಲ್ಲಿ ಶಿಂಷಾ, ಜಯಮಂಗಲಿ ಎಂಬ ಇಬ್ಬರು ಸೋದರಿಯರು ಜನಿಸುತ್ತಾರೆ. ಶಿಂಷೆಯು ದಕ್ಷಿಣಕ್ಕೆ ಸಾಗಿ ಕಾವೇರಿಯನ್ನು ಸೇರುತ್ತಾಳೆ. ಜಯಮಂಗಲಿಯು ಉತ್ತರಕ್ಕೆ ತಿರುಗಿ ಕೊರಟಗೆರೆ, ಮಧುಗಿರಿ ಸೀಮೆಗಳನ್ನು ಹಾದು ಉತ್ತರಪಿನಾಕಿನಿಯಲ್ಲಿ ಲೀನಳಾಗುತ್ತಾಳೆ. ಒಂದೇ ತವರಿನ ನೀರು ತಮಿಳುನಾಡಿಗೂ ಆಂಧ್ರಕ್ಕೂ ಹಂಚಿಹೋಗುತ್ತದೆ.

ಕೊನೆಗೆ ಪಾವಗಡ. ಈ ತಾಲ್ಲೂಕಿನ ಮೂರು ದಿಕ್ಕುಗಳಲ್ಲಿ ಆಂಧ್ರಸೀಮೆ. ಇಲ್ಲಿ ರೈತನಿಗೆ ಬಹುಕಾಲ ಶತ್ರುವಾಗಿದ್ದವನು ಸೂರ್ಯನೇ. ಈಗ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು ೧೩,೦೦೦ ಎಕರೆಯಲ್ಲಿ ಅದೇ ಬಿಸಿಲನ್ನು ಕೊಯ್ಲುಮಾಡುತ್ತಿದ್ದಾರೆ. ೨೦೧೮ರಲ್ಲಿ ಆರಂಭವಾಗಿ ೨೦೧೯ರಲ್ಲಿ ಪೂರ್ಣಗೊಂಡ ಈ ಸೌರಸ್ಥಾವರದ ಶಕ್ತಿ ೨,೦೫೦ ಮೆಗಾವಾಟ್. ನೆಲವನ್ನು ಕ್ರಯಕ್ಕೆ ಕೊಳ್ಳದೆ, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಗಳಿಂದ ಆರಂಭಿಸಿ ಗುತ್ತಿಗೆಗೆ ಪಡೆದದ್ದು ಮೆಚ್ಚತಕ್ಕ ವಿಷಯ. ಆದರೆ ತುಂಡು ನೆಲವೂ ಇಲ್ಲದ ಕೂಲಿಗಾರನಿಗೆ ಗುತ್ತಿಗೆಯ ಹಣವಿಲ್ಲ, ಆ ಹೊಲಗಳ ಕೆಲಸವೂ ಈಗಿಲ್ಲ.

ರಾಣಿಯ ಸೆರೆ, ಊರು ಬಿಟ್ಟವರ ಪಾಡು, ಕೂಲಿಯವನ ಚಿಂತೆ: ಇವು ಓದುವವರಿಗೆ ವಿಚಿತ್ರ, ಅನುಭವಿಸಿದವರಿಗೆ ಬಾಳು. ಮಕ್ಕಳಿಗೆ ಈ ಸಂಗತಿಗಳನ್ನು ಹೇಳುವಾಗ ಅಚ್ಚರಿಯೊಡನೆ ಈ ಅರ್ಧವನ್ನೂ ಹೇಳಬೇಕೆಂದು ನನ್ನ ಪ್ರಾರ್ಥನೆ.