ಹಳೆಯ ರಿವಾಲ್ವರಿನ ಮೈಬಣ್ಣ

ಅರಸೀಕೆರೆಯಲ್ಲಿ ರೈಲಿನಿಂದಿಳಿದು ಹಳೇಬೀಡು, ಬೇಲೂರುಗಳನ್ನು ನೋಡಹೊರಡುವ ವಿದ್ಯಾರ್ಥಿಗೆ ದಾರಿಯುದ್ದಕ್ಕೂ ಕಾಣುವುದು ಹೊಯ್ಸಳರ ಶಿಲ್ಪವೈಭವ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಗಳಲ್ಲಿ ಮೂಗು ಮುರಿದ, ಕೈ ಕಳೆದುಕೊಂಡ ವಿಗ್ರಹಗಳು ಎಷ್ಟೋ ಇವೆ. ಇವಕ್ಕೆಲ್ಲ ಹೊಸ ಮೂಗು ಕೆತ್ತಿಸಿ, ಹಳೆಯ ಕಲ್ಲನ್ನು ಉಜ್ಜಿ ಹೊಸದರಂತೆ ಮಾಡಿಬಿಡೋಣವೆಂದು ಯಾರಾದರೂ ಸೂಚಿಸಿದರೆ ನಾವು ನಕ್ಕುಬಿಡುತ್ತೇವೆ. ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಸರ್ ಜಾನ್ ಮಾರ್ಷಲ್ಲರು 1923ರಲ್ಲಿ ಪ್ರಕಟಿಸಿದ ಸಂರಕ್ಷಣೆಯ ಕೈಪಿಡಿಯ ನಿಲುವೂ ಇದೇ: ಇರುವುದನ್ನು ಉಳಿಸಬೇಕು, ಇಲ್ಲದ್ದನ್ನು ಹೊಸದಾಗಿ ಸೃಷ್ಟಿಸಬಾರದು.

ಕಲ್ಲಿನ ವಿಷಯದಲ್ಲಿ ಇಷ್ಟು ವಿವೇಕವುಳ್ಳ ನಾವು ಉಕ್ಕಿನ ವಿಷಯದಲ್ಲಿ ಮಾತ್ರ ಅದನ್ನು ಮರೆಯುತ್ತೇವೆ. ಬೇಲೂರಿನಿಂದ ಪಡುವಣಕ್ಕೆ ಹೋದಂತೆ ಕಾಫಿ ತೋಟಗಳ ಸೀಮೆ ಮೊದಲಾಗುತ್ತದೆ. ಕಾಡುಹಂದಿ, ಆನೆಗಳ ಕಾಟವಿರುವ ಅಲ್ಲಿ ಬಂದೂಕು ಅಪರೂಪದ ವಸ್ತುವಲ್ಲ. ಅಂಥ ಮನೆಯೊಂದರಲ್ಲಿ ಅಜ್ಜನ ಕಾಲದ ವೆಬ್ಲಿ ರಿವಾಲ್ವರು ಮೊಮ್ಮಗನ ಪಾಲಿಗೆ ಬಂದಿತೆನ್ನೋಣ. ಅಥವಾ ಹಳೆಯ ವಸ್ತುಗಳಲ್ಲಿ ಆಸಕ್ತಿಯುಳ್ಳವರೊಬ್ಬರು ಅದನ್ನು ಕೊಂಡರೆನ್ನೋಣ. ಮೈಯೆಲ್ಲ ಮಾಸಿದೆ, ಅಲ್ಲಲ್ಲಿ ಕಂದು ಕಲೆಗಳಿವೆ. ಕಾರ್ಖಾನೆಗೆ ಕೊಟ್ಟು ಮೆರುಗು ಹಾಕಿಸಿದರೆ ಒಂದು ದಿನದಲ್ಲಿ ಥಳಥಳಿಸುತ್ತದೆ. ಆದರೆ ಆ ಒಂದು ದಿನದಲ್ಲಿ ನಷ್ಟವಾದುದು ಮರಳಿ ಬರುವುದಿಲ್ಲ. ಇದೇಕೆಂಬುದನ್ನು ತಿಳಿಯಬೇಕಾದರೆ ಆ ಮೈಬಣ್ಣವೆಂದರೇನೆಂಬುದನ್ನು ಮೊದಲು ಅರಿಯಬೇಕು.

ಕಬ್ಬಿಣವು ಆಮ್ಲಜನಕದೊಡನೆ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಸಂಯೋಗ ಹೊಂದುತ್ತದೆ. ತೇವದ ಗಾಳಿಯಲ್ಲಿ ಹುಟ್ಟುವ ಕೆಂಪು ತುಕ್ಕಿನಲ್ಲಿ ನೀರಿನ ಅಂಶವೂ ಸೇರಿರುತ್ತದೆ. ಅದು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸಿ, ಉಬ್ಬಿ, ಪದರು ಪದರಾಗಿ ಉದುರುತ್ತದೆ. ಸಡಿಲವಾದ ಈ ಪದರುಗಳ ಮೂಲಕ ತೇವವು ಒಳನುಗ್ಗಿ ಇನ್ನಷ್ಟು ಲೋಹವನ್ನು ಕೆಡಿಸುತ್ತದೆ. ಇದಕ್ಕೆ ತೀರ ಭಿನ್ನವಾದುದು ಕಪ್ಪು ಆಕ್ಸೈಡು, ಎಂದರೆ ಸೂಜಿಗಲ್ಲಿನಲ್ಲಿರುವ ಪದಾರ್ಥವೇ. ಇದು ಲೋಹಕ್ಕೆ ಬಿಗಿಯಾಗಿ ಅಂಟಿಕೊಂಡಿದ್ದು, ಎಣ್ಣೆಯನ್ನು ಹಿಡಿದಿಟ್ಟುಕೊಂಡು, ತುಕ್ಕನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಬಂದೂಕು ತಯಾರಿಸುವವರು ಉಕ್ಕಿನ ಮೇಲೆ ಬೇಕೆಂದೇ ಬೆಳೆಸುವ ನೀಲಿಗಪ್ಪು ಬಣ್ಣ ಇದೇ ಆಗಿದೆ. ಅದರ ದಪ್ಪವಾದರೂ ಎಷ್ಟು? ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ ಒಂದೆರಡು ಪಾಲು ಮಾತ್ರ! ನಮ್ಮ ತಲೆಗೂದಲು ಇದಕ್ಕಿಂತ ಹತ್ತಾರು ಪಟ್ಟು ದಪ್ಪ.

ಇದಕ್ಕೆ ಹತ್ತಿರದ ಒಂದು ಪ್ರಯೋಗವನ್ನು ಅಧ್ಯಾಪಕರ ಸಮ್ಮುಖದಲ್ಲಿ ಮಾಡಿ ನೋಡಬಹುದು. ಮುರಿದ ಗರಗಸದ ಅಲಗಿನ ತುಂಡೊಂದನ್ನು ಮರಳು ಕಾಗದದಿಂದ ಬೆಳ್ಳಗಾಗುವಂತೆ ಉಜ್ಜಿ, ಇಕ್ಕಳದಿಂದ ಹಿಡಿದು ಸ್ಪಿರಿಟ್ ದೀಪದ ಮೇಲೆ ನಿಧಾನವಾಗಿ ಕಾಯಿಸಿರಿ. ಮೊದಲು ಹುಲ್ಲಿನ ಹಳದಿ, ಬಳಿಕ ಕಂದು, ನೇರಳೆ, ಸುಮಾರು 300 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅಂದವಾದ ನೀಲಿ ತೋರುತ್ತದೆ. ಅಲ್ಲಿ ಯಾವ ಬಣ್ಣದ ಪುಡಿಯೂ ಇಲ್ಲ. ಆಕ್ಸೈಡಿನ ಅತಿ ತೆಳುವಾದ ಪೊರೆಯ ಮೇಲ್ಮೈಯಿಂದಲೂ ತಳದಿಂದಲೂ ಹಿಂದಿರುಗುವ ಬೆಳಕಿನ ಅಲೆಗಳು ಒಂದನ್ನೊಂದು ಕೂಡಿ ಕಳೆದು, ಸಾಬೂನಿನ ಗುಳ್ಳೆಯಲ್ಲಿ ಆಗುವಂತೆಯೇ, ಬಣ್ಣ ತೋರಿಸುತ್ತವೆ. ಈಗ ತಣ್ಣಗಾದ ತುಂಡನ್ನು ಹುಣಸೆಹುಳಿಯಲ್ಲಿ ಅದ್ದಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಉಜ್ಜಿರಿ. ನೀಲಿ ಮಾಯವಾಗುತ್ತದೆ! ಹಿತ್ತಾಳೆಯ ಪಾತ್ರೆಯನ್ನು ಬೆಳಗುವ ನಮ್ಮ ಮನೆಮದ್ದು ಹಳೆಯ ಆಯುಧದ ಮೈಗೆ ವಿಷವೆಂಬುದು ಇದರಿಂದ ಮನದಟ್ಟಾಗದಿರದು.

ಮೆರುಗಿನ ಚಕ್ರವಂತೂ ಇನ್ನೂ ಕ್ರೂರ. ಅದು ಆಕ್ಸೈಡನ್ನು ಮಾತ್ರವಲ್ಲದೆ ಅದರ ಕೆಳಗಿನ ಉಕ್ಕನ್ನೂ ತೆಗೆಯುತ್ತದೆ. ಚೂಪಾದ ಅಂಚುಗಳು ಉರುಟಾಗುತ್ತವೆ. ತಿರುಪುಗಳ ಸುತ್ತಲಿನ ತೂತುಗಳು ತಟ್ಟೆಯಂತೆ ಹಳ್ಳ ಬೀಳುತ್ತವೆ. ತಯಾರಕರ ಹೆಸರು, ಕ್ರಮಾಂಕ, ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯಗಳು ಒತ್ತಿದ ಮುದ್ರೆ ಎಲ್ಲವೂ ಮಸುಕಾಗುತ್ತವೆ. ಆಯುಧವು ಎಲ್ಲಿ ಹುಟ್ಟಿತು, ಯಾರ ಕೈಸೇರಿತು ಎಂಬುದಕ್ಕೆ ಇರುವ ದಾಖಲೆಯೇ ಇವು. ಶಾಸನದ ಅಕ್ಷರಗಳನ್ನು ಉಜ್ಜಿ ಹಾಕಿ ಕಲ್ಲನ್ನು ನುಣುಪು ಮಾಡಿದಂತಾಯಿತು! ಆದುದರಿಂದಲೇ ಬಲ್ಲವರು ಹಳೆಯ ರಿವಾಲ್ವರನ್ನು ಕೊಳ್ಳುವಾಗ ಹೊಳಪನ್ನು ಕಂಡು ಹಿಗ್ಗುವುದಿಲ್ಲ, ಸಂಶಯಪಡುತ್ತಾರೆ. ಅಕ್ಷರಗಳ ಅಂಚು ಚೂಪಾಗಿದೆಯೆ, ನಳಿಗೆ, ಚೌಕಟ್ಟು, ತೋಟೆ ತುಂಬುವ ಉರುಳೆ ಇವುಗಳ ಮೇಲಿನ ಕ್ರಮಾಂಕಗಳು ಪರಸ್ಪರ ಒಪ್ಪುತ್ತವೆಯೆ, ಹೊಸ ನೀಲಿಯ ಅಡಿಯಲ್ಲಿ ಹಳೆಯ ತುಕ್ಕಿನ ಗುಳಿಗಳು ಅಡಗಿವೆಯೆ ಎಂದು ಬೂದುಗಾಜಿನಿಂದ ನೋಡುತ್ತಾರೆ. ಮಾಸಿದರೂ ಮೂಲಸ್ಥಿತಿಯಲ್ಲಿರುವುದಕ್ಕೆ ಸಂಗ್ರಾಹಕರು ಹೆಚ್ಚು ಬೆಲೆ ತೆರುವುದು ಸುಮ್ಮನೆ ಅಲ್ಲ.

ಹಾಗಾದರೆ ತುಕ್ಕನ್ನು ಹಾಗೆಯೇ ಬಿಡಬೇಕೆ? ಎಂದಿಗೂ ಬಿಡಬಾರದು. ಗಟ್ಟಿಯಾಗಿ, ನುಣುಪಾಗಿ ನಿಂತ ಕಂದುಗಪ್ಪು ಬಣ್ಣ ಬೇರೆ. ಬೆರಳಿಗೆ ಕೆಂಪುಪುಡಿ ಹತ್ತಿಸುವ ಜೀವಂತ ತುಕ್ಕು ಬೇರೆ. ಎರಡನೆಯದನ್ನು ತೆಳುವಾದ ಖನಿಜ ಎಣ್ಣೆಯಲ್ಲಿ ನೆನೆಸಿ, ಮೆತ್ತನೆಯ ಬಟ್ಟೆಯಿಂದಲೂ ಮರದ ಕಡ್ಡಿಯಿಂದಲೂ ತಾಳ್ಮೆಯಿಂದ ಬಿಡಿಸಬೇಕು. ಒಡೆದ ಹಿಡಿಯನ್ನು ಬದಲಾಯಿಸಲೇಬೇಕಾದರೆ ಹಳೆಯದನ್ನು ಜೋಪಾನವಾಗಿ ತೆಗೆದಿಡಬೇಕು. ಹಿಂದಿರುಗಿಸಲು ಬಾರದ ಯಾವ ಕೆಲಸಕ್ಕೂ ಕೈಹಾಕಬಾರದು.

ತುಕ್ಕಿಗೆ ಮೂಲವಾದ ಲವಣವನ್ನೂ ಮರೆಯಬಾರದು. ಹಳೆಯ ತೋಟೆಗಳ ತಳದ ಕಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟು ಇರುತ್ತಿತ್ತು. ಹಾರಿಸಿದಾಗ ಅದು ಪೊಟ್ಯಾಸಿಯಂ ಕ್ಲೋರೈಡಾಗಿ, ಅಡಿಗೆಯ ಉಪ್ಪಿನ ತಮ್ಮನಂತೆ ನಳಿಗೆಯೊಳಗೆ ಕುಳಿತು, ಮಲೆನಾಡಿನ ಮಳೆಗಾಲದ ತೇವವನ್ನು ಹೀರುತ್ತದೆ. ಎಣ್ಣೆಗೆ ಅದು ಕರಗದು. ಬಿಸಿನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಸವರುವುದು ಹಿಂದಿನ ಸಿಪಾಯಿಗಳಿಗೆ ಗೊತ್ತಿದ್ದ ಕ್ರಮ. ಬೆವರಿನಲ್ಲಿಯೂ ಲವಣವುಂಟು, ಆದ್ದರಿಂದ ಬರಿಗೈಯಲ್ಲಿ ಮುಟ್ಟಿದ ಮೇಲೆ ಒರಸಬೇಕು. ಆಯುಧಪೂಜೆಯ ದಿನ ನೀರಿನಲ್ಲಿ ಕಲಸಿದ ಕುಂಕುಮ, ವಿಭೂತಿಗಳನ್ನು ಉಕ್ಕಿಗೆ ಹಚ್ಚಿ ಮರುದಿನದವರೆಗೆ ಬಿಟ್ಟರೆ ಬೊಟ್ಟಿನ ಅಳತೆಗೆ ಸರಿಯಾಗಿ ತುಕ್ಕಿನ ಕಲೆ ಏಳುವುದುಂಟು. ಪೂಜೆ ಬೇಡವೆಂದು ನಾನು ಹೇಳುತ್ತಿಲ್ಲ, ಸಂಜೆಯೇ ಒರಸಿದರಾಯಿತು.

ಇನ್ನು ಕಾನೂನಿನ ಮಾತು. ಹಳೆಯದೆಂಬ ಮಾತ್ರಕ್ಕೆ ರಿವಾಲ್ವರು ಆಟದ ವಸ್ತುವಾಗುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಅದಕ್ಕೆ ಪರವಾನಗಿ ಬೇಕು. ಸಾಮಾನ್ಯವಾಗಿ 21 ವರ್ಷ ತುಂಬದವರಿಗೆ ಅದು ದೊರೆಯದು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದಿರುವ ವಿನಾಯಿತಿ ಬೇರೆ ಮಾತು. ಪುರಾತನ ಆಯುಧಗಳಿಗೂ ಕಾಯಿದೆಯ 45ನೆಯ ಪ್ರಕರಣದಲ್ಲಿ ವಿನಾಯಿತಿಯುಂಟು. ಆದರೆ ಅವು ರಿಪೇರಿ ಮಾಡಿದರೂ ಹಾರದಂಥವಾಗಿರಬೇಕು. ಇಲ್ಲಿಯೇ ತೊಡಕು: ಕೆಲಸಮಾಡುವ ರಿವಾಲ್ವರನ್ನು ಆ ಸ್ಥಿತಿಗೆ ತರಬೇಕಾದರೆ ನಳಿಗೆಯನ್ನು ಕೊಯ್ಯಬೇಕು ಅಥವಾ ಬೆಸೆದು ಮುಚ್ಚಬೇಕು. ಪರವಾನಗಿಯ ಚಿಂತೆ ತಪ್ಪಿತು, ಮೂಲಸ್ಥಿತಿಯೂ ಹೋಯಿತು! ನನ್ನ ಅಭಿಪ್ರಾಯದಲ್ಲಿ, ಅಪೂರ್ವವಾದ ಆಯುಧವನ್ನು ಹಾಗೆ ಕೊಯ್ಯುವುದಕ್ಕಿಂತ ಅಧಿಕಾರಿಗಳ ಮೂಲಕ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸುವುದು ಮೇಲು.

ಚುನಾವಣೆಯ ಕಾಲದಲ್ಲಿ ಪರವಾನಗಿಯ ಆಯುಧಗಳನ್ನು ಪೊಲೀಸು ಠಾಣೆಯಲ್ಲಿ ಇರಿಸಬೇಕಾಗಿ ಬರುವುದುಂಟು. ಆಗ ಚರ್ಮದ ಚೀಲದೊಡನೆಯೇ ಕೊಟ್ಟುಬಿಡುವುದು ಹಲವರ ರೂಢಿ. ಹದಮಾಡಿದ ಚರ್ಮದಲ್ಲಿ ಆಮ್ಲ, ಲವಣಗಳ ಅಂಶ ಉಳಿದಿರುತ್ತದೆ, ತೇವವನ್ನೂ ಅದು ಹಿಡಿದಿಡುತ್ತದೆ. ಗುಂಡುಗಳನ್ನು ತೆಗೆದು, ಆಯುಧವನ್ನು ಚೀಲದಿಂದ ಹೊರಗೆ ತೆಗೆದು, ಎಣ್ಣೆ ಸವರಿದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಚೀಲವನ್ನು ಬೇರೆಯಾಗಿಯೇ ಕಟ್ಟಿ ಕೊಡತಕ್ಕದ್ದು.