ತಮ್ಮ ಕಿವಿಯನ್ನೇ ನಂಬದವರ ಕೂಟ

ಸಂಗೀತ ಕಚೇರಿಗೆ ಹೋಗುವವರು ಗಾಯಕರ ಹೆಸರನ್ನು ತಿಳಿದುಕೊಂಡೇ ಹೋಗುತ್ತಾರೆ. ಪಿಟೀಲು ಯಾರದು, ಮೃದಂಗ ಯಾರದು ಎಂದೂ ವಿಚಾರಿಸುತ್ತಾರೆ. ಆದರೆ ಸಭಾಂಗಣದ ಮೂಲೆಯಲ್ಲಿ, ಸಾಲುಸಾಲು ಗುಂಡಿಗಳಿರುವ ಮೇಜಿನ ಮುಂದೆ ಕುಳಿತ ತರುಣನ ಹೆಸರನ್ನು ಯಾರೂ ಕೇಳುವುದಿಲ್ಲ. ಮೈಕು ಕುಂಯ್ ಎಂದು ಅರಚಿದಾಗ ಮಾತ್ರ ಸಭೆಯ ಅಷ್ಟೂ ಕಣ್ಣುಗಳು ಅವನತ್ತ ತಿರುಗುತ್ತವೆ! ಎಲ್ಲವೂ ಸರಿಯಾಗಿ ನಡೆದರೆ ಅವನು ಇಲ್ಲವೆಂದೇ ಲೆಕ್ಕ. ಕೆಟ್ಟರೆ ಅವನೊಬ್ಬನೇ ಹೊಣೆ.

ಈ ವೃತ್ತಿಗೂ ವಿದ್ಯಾಲಯಗಳಿವೆ. ಸಂಗೀತವನ್ನೂ ಭೌತವಿಜ್ಞಾನವನ್ನೂ ಒಟ್ಟಿಗೆ ಬಲ್ಲ ಧ್ವನಿತಜ್ಞರನ್ನು ತಯಾರಿಸಬೇಕೆಂದು ಸಂಗೀತ ರಚನಕಾರ ಅರ್ನಾಲ್ಡ್ ಶೋನ್‌ಬರ್ಗ್ 1946ರಲ್ಲಿಯೇ ಷಿಕಾಗೊ ವಿಶ್ವವಿದ್ಯಾಲಯದ ಮುಖ್ಯಸ್ಥರಿಗೆ ಪತ್ರ ಬರೆದಿದ್ದರು. 1949ರಲ್ಲಿ ಜರ್ಮನಿಯ ಡೆಟ್‌ಮೋಲ್ಡ್ ನಗರದಲ್ಲಿ ಎರಿಕ್ ಟೀನ್‌ಹೌಸ್ ಅಂಥ ಶಿಕ್ಷಣವನ್ನು ಆರಂಭಿಸಿದರು. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯ 1970ರಲ್ಲಿ ಅದೇ ದಾರಿ ಹಿಡಿಯಿತು. ನಮ್ಮ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿಯೂ ಚಲನಚಿತ್ರ ಛಾಯಾಗ್ರಹಣದೊಡನೆ ಶಬ್ದಗ್ರಹಣವನ್ನು ಕಲಿಸುತ್ತಿದ್ದರೆಂಬುದನ್ನು ಹಿರಿಯ ವಾಚಕರು ಬಲ್ಲರು. ಇಂಥ ಶಾಲೆಗಳಲ್ಲಿ ಪಾಠ ಮುಗಿದ ಮೇಲೆ, ಸಂಜೆಯ ಹೊತ್ತು, ವಿದ್ಯಾರ್ಥಿಗಳ ಸಂಘ ಸೇರುತ್ತದೆ. ಬೇರೆ ಸಂಘಗಳಲ್ಲಿ ಭಾಷಣ ಹೆಚ್ಚು. ಇಲ್ಲಿ ಕೇಳುವುದೇ ಹೆಚ್ಚು.

ಈ ಸಂಘಗಳಲ್ಲಿ ಅನೇಕವು ಆಡಿಯೊ ಎಂಜಿನಿಯರಿಂಗ್ ಸೊಸೈಟಿ ಎಂಬ ಮಾತೃಸಂಸ್ಥೆಯ ವಿದ್ಯಾರ್ಥಿ ಶಾಖೆಗಳು. ಅದು 1948ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿತು. ಆ ವರ್ಷದ ಮಾರ್ಚ್‌ನಲ್ಲಿ ನಡೆದ ಮೊದಲ ಸದಸ್ಯರ ಸಭೆಯಲ್ಲಿ ಉಪನ್ಯಾಸವಿತ್ತವರು ಹ್ಯಾರಿ ಓಲ್ಸನ್. ಇವರ ಒಂದು ಪ್ರಯೋಗವನ್ನು ಇಲ್ಲಿ ಹೇಳದಿದ್ದರೆ ವಿದ್ಯಾರ್ಥಿಗಳ ಸಂಜೆಯ ಆಟ ಅರ್ಥವಾಗದು.

ಯಂತ್ರದಿಂದ ಬರುವ ಸಂಗೀತದಲ್ಲಿ ತಾರಧ್ವನಿಗಳನ್ನು ಕತ್ತರಿಸಿಬಿಟ್ಟರೆ ಕೇಳುಗರಿಗೆ ಹೆಚ್ಚು ಹಿತವಾಗುತ್ತದೆಂದು 1945ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿತ್ತು. ಹಾಗಾದರೆ ಪೂರ್ಣ ಧ್ವನಿ ಜನರಿಗೆ ಬೇಡವೆ? ಓಲ್ಸನ್ ಒಪ್ಪಲಿಲ್ಲ. ತಪ್ಪು ಕಿವಿಯದೋ ಯಂತ್ರದ್ದೋ ನೋಡೋಣವೆಂದು ಅವರು ಯಂತ್ರವನ್ನೇ ದೂರವಿಟ್ಟರು. ಜೀವಂತ ವಾದ್ಯಮೇಳವನ್ನು ಕೂಡಿಸಿ, ನಡುವೆ ಧ್ವನಿಯನ್ನು ಸೋಸುವ ಫಲಕಗಳನ್ನು ನಿಲ್ಲಿಸಿ, ಕೇಳುಗರಿಗೆ ಏನೂ ಕಾಣದಂತೆ ತೆರೆ ಎಳೆದರು. ಫಲಕಗಳು ಮುಚ್ಚಿದಾಗ ಸೆಕೆಂಡಿಗೆ 5000 ಕಂಪನಗಳಿಗಿಂತ ಮೇಲಿನ ಧ್ವನಿ ತಡೆಯಲ್ಪಡುತ್ತಿತ್ತು. ತೆರೆದಾಗ ಎಲ್ಲವೂ ಬರುತ್ತಿತ್ತು. ತೆರೆಯ ಈಚೆ ಕುಳಿತವರಲ್ಲಿ ಬಹುಮಂದಿ ಪೂರ್ಣ ಧ್ವನಿಯನ್ನೇ ಮೆಚ್ಚಿದರು. ಇದು 1947ರ ಮಾತು.

ತೆರೆ ಇಂದಿಗೂ ಇದೆ, ಬಟ್ಟೆಯದಲ್ಲ, ಅಷ್ಟೆ. ಸಂಘದ ಕೋಣೆಯಲ್ಲಿ ಎರಡು ಮುದ್ರಣಗಳನ್ನು ಕೇಳಿಸುತ್ತಾರೆ. ಮೂರನೆಯದು ಆ ಎರಡರಲ್ಲೊಂದು. ಯಾವುದೆಂದು ನೀವೇ ಹೇಳಬೇಕು. ಹದಿನಾರು ಸಲ ಕೇಳಿಸಿದರೆ ಕನಿಷ್ಠ ಹನ್ನೆರಡು ಸಲ ಸರಿಯುತ್ತರ ಬರಬೇಕು. ಬರಿಯ ಊಹೆಯಿಂದ ಅಷ್ಟು ಸರಿ ಹೇಳುವ ಸಂಭವ ನೂರರಲ್ಲಿ ನಾಲ್ಕಕ್ಕೂ ಕಡಿಮೆ. ದುಬಾರಿ ತಂತಿಯ ಮಾಧುರ್ಯವನ್ನು ಕೊಂಡಾಡಿದವನು ಏಳೋ ಎಂಟೋ ಸರಿ ಹೇಳಿ ತಲೆ ಕೆರೆದುಕೊಳ್ಳುವುದು ಇಲ್ಲಿಯೇ.

ಇನ್ನೊಂದು ಮೋಸವುಂಟು. ಒಂದೇ ಹಾಡನ್ನು ತುಸು ಗಟ್ಟಿಯಾಗಿ ಕೇಳಿಸಿದರೆ ಅದೇ ಉತ್ತಮವೆಂದು ತೋರುತ್ತದೆ. ಮೆಲ್ಲಗಿರುವ ಧ್ವನಿಯಲ್ಲಿ ಮಂದ್ರಸ್ವರಗಳು ಕಿವಿಗೆ ಬಡಕಲಾಗುತ್ತವೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಅಳೆದು ತೋರಿಸಿದ್ದರು. ಆದುದರಿಂದ ಹೋಲಿಸುವ ಮುನ್ನ ಎರಡರ ಮಟ್ಟವನ್ನೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಸರಿಗೊಳಿಸುತ್ತಾರೆ. ಸರಿಗೊಳಿಸಿದೊಡನೆ ಗೆದ್ದದ್ದು ಸೋಲುವುದೂ ಉಂಟು. ಅಂಗಡಿಯಲ್ಲಿ ಸ್ಪೀಕರು ಕೊಳ್ಳಲು ಹೋಗುವ ಗೃಹಸ್ಥರು ಇದನ್ನು ನೆನಪಿನಲ್ಲಿಟ್ಟುಕೊಂಡರೆ ನಷ್ಟವಿಲ್ಲ.

ಆದರೆ ಈ ಸಭೆಗಳ ನಿಜವಾದ ಬಿಸಿ ತಟ್ಟುವುದು ವಿದ್ಯಾರ್ಥಿ ತನ್ನದೇ ಮುದ್ರಣವನ್ನು ತಂದ ದಿನ. ವಾರಗಟ್ಟಲೆ ರಾತ್ರಿ ನಿದ್ದೆಗೆಟ್ಟು, ಹಾಡುಗಾರಿಕೆ, ತಬಲೆ, ಗಿಟಾರು ಎಲ್ಲವನ್ನೂ ಹದವಾಗಿ ಬೆರೆಸಿದ್ದೇನೆಂದು ನಂಬಿ ಬಂದಿರುತ್ತಾನೆ. ಹಾಡು ಮುಗಿಯುತ್ತದೆ. ಕ್ಷಣಕಾಲ ಮೌನ. ಹಿಂದಿನ ಸಾಲಿನಿಂದ ಯಾರೋ ಕೇಳುತ್ತಾರೆ: “ಎರಡನೆಯ ಸಾಲಿನಲ್ಲಿ ಏನು ಹಾಡಿದರು?”

ಇದಕ್ಕಿಂತ ಕಠಿಣವಾದ ವಿಮರ್ಶೆ ಬೇರೆ ಬೇಕೆ! ಅವನಿಗೆ ಸಾಹಿತ್ಯ ಬಾಯಿಪಾಠ. ವಾದ್ಯಗಳ ಕೆಳಗೆ ಕಂಠ ಹೂತುಹೋಗಿದ್ದರೂ ಮನಸ್ಸು ಪದಗಳನ್ನು ತಾನೇ ತುಂಬಿಕೊಳ್ಳುತ್ತದೆ. ನೂರು ಸಲ ಕೇಳಿದ ಕಿವಿಗೆ ಕೊರತೆ ತಿಳಿಯುವುದೇ ಇಲ್ಲ. ಮೊದಲ ಸಲ ಕೇಳುವವನಿಗೆ ಮಾತ್ರ ಅದು ತಿಳಿಯುತ್ತದೆ, ಮತ್ತು ಮೊದಲ ಸಲ ಕೇಳುವ ಭಾಗ್ಯ ಹಾಡನ್ನು ಬೆರೆಸಿದವನಿಗೆ ಮತ್ತೆಂದೂ ಇಲ್ಲ. ಅದನ್ನು ಗೆಳೆಯರಿಂದ ಎರವಲು ಪಡೆಯಬೇಕು. ಸಂಘವಿರುವುದು ಮುಖ್ಯವಾಗಿ ಇದಕ್ಕೇ ಎಂದು ನನಗೆ ತೋರುತ್ತದೆ. ಸೊಸೈಟಿಯ ಮಹಾಸಮ್ಮೇಳನಗಳಲ್ಲಿ ವಿದ್ಯಾರ್ಥಿಗಳ ಮುದ್ರಣ ಸ್ಪರ್ಧೆಯೂ ಉಂಟು; ಅಲ್ಲಿ ನುರಿತ ತಜ್ಞರು ತುಂಬಿದ ಸಭೆಯಲ್ಲಿಯೇ ಅಭಿಪ್ರಾಯ ಹೇಳುತ್ತಾರೆ. ಗೆಳೆಯರ ಕೋಣೆಯಲ್ಲಿ ಒಮ್ಮೆ ಬೆವರಿದವನಿಗೆ ಅಲ್ಲಿ ನಿಲ್ಲುವ ಧೈರ್ಯ ಬಂದಿರುತ್ತದೆ.

ಕೆಲವು ಸಂಜೆ ಚರ್ಚೆ ಕಿವಿಯ ಆರೋಗ್ಯದ ಕಡೆ ಹೊರಳುತ್ತದೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಮಿತಿ. ಮೂರು ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧಕ್ಕಿಳಿಯುತ್ತದೆ. ನೂರು ಡೆಸಿಬೆಲ್‌ನಲ್ಲಿ ಉಳಿಯುವುದು ಕಾಲು ಗಂಟೆ ಮಾತ್ರ. ಒಳಗಿವಿಯಲ್ಲಿ ಸತ್ತ ಸೂಕ್ಷ್ಮ ಕೋಶಗಳು ಮರಳಿ ಹುಟ್ಟುವುದಿಲ್ಲ. ಚಿನಿವಾರ ತನ್ನ ತಕ್ಕಡಿಯನ್ನು ಕಲ್ಲಿನ ಮೇಲೆ ಕುಕ್ಕುವನೆ? ಹಾಗಿದ್ದರೂ ಧ್ವನಿಯ ವಿದ್ಯಾರ್ಥಿಗಳಿಗೇ ಈ ಮಾತನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಕಿವಿಗೆ ಸದಾ ಇಯರ್‌ಫೋನು ಸಿಕ್ಕಿಸಿಕೊಂಡಿರುವ ನಮ್ಮ ಮನೆಯ ಮಕ್ಕಳ ವಿಷಯ ಹೇಳುವುದೇ ಬೇಡ.

ಸಭೆ ಮುಗಿದ ಮೇಲೆ ಕೇಬಲ್ ಸುತ್ತುವ ಕೆಲಸ. ಇದಕ್ಕೂ ವಿಧಿಯುಂಟು: ಒಂದು ಸುತ್ತು ನೇರ, ಮುಂದಿನದು ತಿರುವು ಹಾಕಿ. ಹೀಗೆ ಮಾಡಿದರೆ ಮರುದಿನ ಬಿಚ್ಚುವಾಗ ಗಂಟಾಗುವುದಿಲ್ಲ. ಹಿರಿಯ ವಿದ್ಯಾರ್ಥಿ ಹೊಸಬನ ಕೈಹಿಡಿದು ಕಲಿಸುತ್ತಾನೆ. ಕೊನೆಗೆ ಯಂತ್ರಗಳನ್ನು ಆರಿಸುವುದು. ಮೊದಲು ಸ್ಪೀಕರುಗಳು, ಆಮೇಲೆ ಗುಂಡಿಗಳ ಮೇಜು. ಕ್ರಮ ತಪ್ಪಿದರೆ ಸ್ಪೀಕರು ಧಡ್ ಎಂದು ಗದರುತ್ತದೆ. ಹೊಸಬರು ಒಮ್ಮೆಯಾದರೂ ತಪ್ಪಿಯೇ ತಪ್ಪುತ್ತಾರೆ. ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದವರೆಲ್ಲ ತಿರುಗಿ ನಗುತ್ತಾರೆ.